ನಮ್ಮ ಹಳೆ ಬೀಟಲ್ ರಿಪೇರಿ ಮಾಡಿಕೊಟ್ಟ ಸಾಗರ ರಸ್ತೆಯ ಗ್ಯಾರೇಜು
ನಮ್ಮದು 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, 1300 ಇಂಜಿನ್. ದೊಡ್ಡಪ್ಪ ಬೊಂಬಾಯಿಂದ ತಂದದ್ದು, ಈಗ ತೀರ್ಥಹಳ್ಳಿ ಹತ್ತಿರ ನಮ್ಮ ಮನೇಲಿದೆ. ಕಳೆದ ಬೇಸಿಗೆಯಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯ 14 ತಿರುವಲ್ಲಿ ಅರ್ಧವೂ ಮುಗಿದಿರಲಿಲ್ಲ, ಇಂಜಿನ್ ಸೊರಗಿತು. ಎಣ್ಣೆ ಸುಟ್ಟ ವಾಸನೆ ಬೇರೆ. ಇದರ ಇಂಜಿನ್ ಹಿಂದೆ ಇರೋದು, ಫ್ಯಾನಿನ ಗಾಳಿಯಿಂದಲೇ ತಣಿಯೋದು; ರೇಡಿಯೇಟರೇ ಇಲ್ಲ, ನೀರು ಹಾಕಿ ತಣಿಸೋ ಹಾಗಿಲ್ಲ. ಹಿಂದಿನ ಮುಚ್ಚಳ ಎತ್ತಿಟ್ಟು, ಅಮ್ಮನನ್ನು ಕಟ್ಟೆ ಮೇಲೆ ಕೂರಿಸಿ, ಮುಕ್ಕಾಲು ಗಂಟೆ ಕಾದೆವು.

ಮೊದಲು ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ ತೋರಿಸಿದೆ. ಇಂಜಿನ್ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ), ಎಣ್ಣೆ ತಣಿಸೋ ಆಯಿಲ್ ಕೂಲರ್ ಇನ್ನೊಂದು ಹಾಕಿಸಿ ಅಂತ 70 ಸಾವಿರದ ಎಸ್ಟಿಮೇಟ್ ಕೊಟ್ಟರು. ಒಂದು ಬೋಲ್ಟ್ ಕೂಡ ಬಿಚ್ಚಿ ನೋಡಿರಲಿಲ್ಲ. ಇವತ್ತಿಗೂ ಅದು ನೆನಪಾದರೆ ಸಿಟ್ಟು ಬರುತ್ತೆ.

ಆಮೇಲೆ ಪರಿಚಯದವರೊಬ್ಬರು ಶಿವಮೊಗ್ಗದ ಸಾಗರ ರಸ್ತೆಯ ಈ ಸಣ್ಣ ಗ್ಯಾರೇಜಿಗೆ ಕಳಿಸಿದರು. ಯಜಮಾನರಿಗೆ ಅರವತ್ತು ದಾಟಿದೆ, ಎಲ್ಲರೂ ಸಾಬ್ರು ಅಂತಾರೆ. ಅವರು ಕೇಳಿದ ಮೊದಲ ಮಾತೇ, "ಗಾಡಿ ಎಲ್ಲಿ ನಿಲ್ಲಿಸ್ತೀರಿ ಸಾರ್?" ಅಡಿಕೆ ಸುಲಿಯೋ ಕೊಟ್ಟಿಗೆ ಪಕ್ಕ ಅಂದೆ. "ಹಂಗಾದ್ರೆ ಇಂಜಿನ್ ಇಳಿಸೇ ನೋಡ್ಬೇಕು" ಅಂದರು.

ಈ ಇಂಜಿನ್ ಗೇರ್‌ಬಾಕ್ಸಿಗೆ ನಿಂತಿರೋದು ನಾಲ್ಕು ಬೋಲ್ಟಿನ ಮೇಲೆ. ಊಟದ ಹೊತ್ತಿಗೆ ಜಾಕ್ ಮೇಲೆ ಕೆಳಗಿಳಿದಿತ್ತು. ಫ್ಯಾನಿನ ಮೇಲಿನ ತಗಡಿನ ಗೂಡು ಎತ್ತಿದರೆ ಒಳಗೆ ಇಲಿ ಗೂಡು! ಅಡಿಕೆ ಸಿಪ್ಪೆಯ ನಾರು, ಹರಿದ ಗೋಣಿ, ಪೇಪರ್ ಚೂರು. ಸಿಲಿಂಡರ್ ಮೇಲಿನ ಸಣ್ಣ ಸಣ್ಣ ರೆಕ್ಕೆಗಳ ಸಂದಿಗೆಲ್ಲ ಅದು ಎಣ್ಣೆ ಜೊತೆ ಸೇರಿ ಕಪ್ಪಗೆ ಮೆತ್ತಿಕೊಂಡಿತ್ತು. ಗಾಳಿ ಹೋಗಬೇಕಾದ ದಾರಿಯೇ ಅದು. ಸಾಬ್ರು ಒಂದು ಹಳೆ ಸೈಕಲ್ ಕಡ್ಡಿ ಬಗ್ಗಿಸಿಕೊಂಡು ಒಂದೊಂದೇ ಸಂದಿಯಿಂದ ನಾರು ಎಳೆದು ಹಾಕಿದರು, ಬೇಗ ಆಗಲಿ ಅಂತ ಸುಮ್ನೆ ನೀರು ಬಿಟ್ಟು ತೊಳೆಯಲಿಲ್ಲ, ಪೂರ್ತಿ ಎರಡು ಗಂಟೆ ಅಲ್ಲೇ ಕೂತು ಮಾಡಿದರು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದೆ.

ಇಂಜಿನ್ ಸುತ್ತಲಿನ ರಬ್ಬರ್ ಪಟ್ಟಿಯೂ ಅರ್ಧ ಇರಲಿಲ್ಲ. ಅದಿಲ್ಲದಿದ್ದರೆ ಕೆಳಗಿನ ಬಿಸಿಗಾಳಿ ಮೇಲೆ ಬಂದು ಮತ್ತೆ ಅದನ್ನೇ ಫ್ಯಾನ್ ಎಳೆದುಕೊಳ್ಳುತ್ತೆ. ಹೊಸದು ಹಾಕಿದರು.

ಅಪ್‌ಗ್ರೇಡ್ ಅಂತ ಮಾಡಿಸಿದ್ದು ಮುಖ್ಯವಾಗಿ ಒಂದೇ. ನಮ್ಮ ಮಾಡೆಲ್‌ನಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನ ಒಳಗೇ ನಿಂತಿದೆ, ಅದರ ಬಿಸಿಗಾಳಿ ನೇರ ಮೂರನೇ ಸಿಲಿಂಡರ್ ಮೇಲೆ ಬೀಳುತ್ತೆ. ಈ ಇಂಜಿನ್‌ಗಳಲ್ಲಿ ಮೂರನೇ ಸಿಲಿಂಡರಿನ ವಾಲ್ವ್ ಜಾಸ್ತಿ ಸುಡೋದು ಅದಕ್ಕೇ. 1970ರ ದಶಕದ ಶುರುವಿನಲ್ಲಿ ಕಂಪನಿಯೇ ಕೂಲರನ್ನು ಆ ದಾರಿಯಿಂದ ಆಚೆ ಸರಿಸಿ, ಅದರ ಬಿಸಿಗಾಳಿಗೆ ಬೇರೆ ದಾರಿ ಕೊಟ್ಟಿತು. ಆ ಗೂಡು, ಅದರ ಅಗಲವಾದ ಫ್ಯಾನ್ ತರಿಸಿ ಕೂರಿಸಿದರು. ಸಾಮಾನು ಬರೋಕೆ ಆರು ವಾರ ಆಯ್ತು. ಕಿಡಿ ಹೊತ್ತಿಸೋಕೆ ಇದ್ದ ಹಳೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸ ಪೆಟ್ರೋಲ್ ಪೈಪ್ ಕೂಡ ಆಯಿತು. ಪೈಪ್ ಮಾತ್ರ ದಯವಿಟ್ಟು ಬದಲಿಸಿ, ಹಳೆ ಪೈಪ್ ಬಿರಿದು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಯೇ ಹೊತ್ತಿಕೊಳ್ಳುತ್ತೆ.

ವಾಲ್ವ್ ಸೆಟ್ಟಿಂಗ್‌ಗೆ, ಅಂದ್ರೆ ವಾಲ್ವಿನ ಸಂದಿ ಸರಿಮಾಡೋಕೆ, ಇಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬರಬೇಕು. ಸಂದಿ ಅಳೆಯೋ 0.15 ಮಿಲಿಮೀಟರ್ ತಗಡಿನ ಗೇಜ್ ಸಾಬ್ರು ನನ್ನ ಕೈಗೆ ಕೊಟ್ಟು, "ಎಳೀರಿ, ಎಷ್ಟು ಬಿಗಿ ಅಂತ ನಿಮಗೂ ಗೊತ್ತಿರ್ಲಿ" ಅಂದರು. ಎರಡೂವರೆ ಲೀಟರ್ ಎಣ್ಣೆ 5,000 ಕಿಲೋಮೀಟರಿಗೆ ಬದಲಿಸಬೇಕು, ಯಾಕಂದ್ರೆ ಒಳಗೆ ಇರೋದು ಬರೀ ಜಾಲರಿ, ಪೇಪರ್ ಫಿಲ್ಟರ್ ಇಲ್ಲ. ಓಡುವಾಗ ಡೈನಮೋದ ಕೆಂಪು ದೀಪ ಹತ್ತಿದರೆ ತಕ್ಷಣ ನಿಲ್ಲಿಸಬೇಕು. ಬೆಲ್ಟ್ ಹರಿದಿರಬಹುದು, ಫ್ಯಾನೂ ಅದೇ ಬೆಲ್ಟಿನಲ್ಲಿ ತಿರುಗೋದು, ಅಲ್ವಾ?

ಸಾಮಾನು, ಕೂಲಿ ಸೇರಿ 46 ಸಾವಿರ. ಫೋನ್ ಎತ್ತೋದು ಕಡಿಮೆ, ಹೇಳಿದ ದಿನಕ್ಕೆ ಗಾಡಿ ಸಿಗೋದಿಲ್ಲ. ಅವಸರ ಇದ್ದವರಿಗೆ ಕಷ್ಟ. ಆದ್ರೆ ಬಿಚ್ಚಿದ ಹಳೆ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಟ್ಟರು, ಆ ಸೈಕಲ್ ಕಡ್ಡಿಯೂ ಅದರಲ್ಲೇ ಇತ್ತು. ದೀಪಾವಳಿಗೆ ಅಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಿದೆ, ಎಲ್ಲೂ ನಿಲ್ಲಿಸಲಿಲ್ಲ. ಗಾಡಿ ಈಗ ಅಂಗಳದಲ್ಲಿ ನಿಲ್ಲುತ್ತೆ, ಕೊಟ್ಟಿಗೆಯಿಂದ ದೂರ.