ಐದು ಲೀಟರ್ ಕುಕ್ಕರ್, ಐದು ವರ್ಷದ ಬಳಕೆ: ಐಎಸ್‌ಐ ಗುರುತು ಎಲ್ಲಿಯವರೆಗೆ ಕಾಯುತ್ತದೆ?

ಹೊರಮುಚ್ಚಳದ ಅಲ್ಯೂಮಿನಿಯಂ ಕುಕ್ಕರ್. ದಿನಕ್ಕೆ ಎರಡು ಸಲ ಒಲೆ ಹತ್ತಿಯೂ ಪಾತ್ರೆ, ಹಿಡಿ, ಮುಚ್ಚಳದ ಕಚ್ಚು ಇವತ್ತಿಗೂ ಗಟ್ಟಿ. ಬದಲಾಯಿಸಿದ್ದು ಗ್ಯಾಸ್ಕೆಟ್ ನಾಲ್ಕು ಸಲ, ಸೇಫ್ಟಿ ವಾಲ್ವ್ ಒಂದು ಸಲ. ಆಯ್ಕೆಗೆ ಕಾರಣ ಮೈಮೇಲಿದ್ದ ಐಎಸ್‌ಐ ಗುರುತು, ಜೊತೆಗೆ ಐಎಸ್ 2347 ಎಂಬ ಸಂಖ್ಯೆ, ಅಂದರೆ ಮನೆಬಳಕೆಯ ಪ್ರೆಶರ್ ಕುಕ್ಕರ್‌ನ ಭಾರತೀಯ ಮಾನದಂಡ.

ಈ ಮಾನದಂಡ ತಾನಾಗಿಯೇ ಕಾನೂನಲ್ಲ. ತಯಾರಕರು, ಪ್ರಯೋಗಾಲಯದವರು, ಗ್ರಾಹಕರ ಪ್ರತಿನಿಧಿಗಳು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಸಮಿತಿಯಲ್ಲಿ ಕೂತು ಬರೆಯುವ ಒಪ್ಪಿತ ನಿಯಮ. 2016ರ ಬಿಐಎಸ್ ಕಾಯ್ದೆಯ 16ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದರೆ ಅದೇ ಬರಹ ಕಡ್ಡಾಯವಾಗುತ್ತದೆ. ಕುಕ್ಕರ್‌ಗೆ ಅಂಥ ಆದೇಶ 2021ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಸರ್ಕಾರ ತಾನೇ ವಿನ್ಯಾಸ ಬರೆಯಲು ಹೋಗದೆ, ಕಸುಬು ಬಲ್ಲವರ ಬರಹಕ್ಕೆ ಬಲ ಕೊಟ್ಟದ್ದು ಸರಿಯಾದ ದಾರಿ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ಆನ್‌ಲೈನ್ ಮಾರಾಟ ತಾಣವೊಂದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿ, ಆದೇಶ ಮೀರಿ ಮಾರಿದ 2,265 ಕುಕ್ಕರ್‌ಗಳನ್ನು ವಾಪಸ್ ಪಡೆದು ಹಣ ಮರಳಿಸಲು ಹೇಳಿತು. ದಂಡ ಸಣ್ಣದು, ವಾಪಸಾತಿಯ ಆದೇಶವೇ ದೊಡ್ಡದು.

ಆದರೆ ಗುರುತು ಹೇಳುವುದು ಕಾರ್ಖಾನೆಯಿಂದ ಹೊರಬಂದ ಕುಕ್ಕರ್‌ನ ಕಥೆ. ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ, ಒಳಗೆ 120 ಡಿಗ್ರಿ ಆಸುಪಾಸಿನ ಶಾಖ. ಇದನ್ನು ಹಿಡಿತದಲ್ಲಿಡುವುದು ಮೊದಲು ವೆಯ್ಟ್. ಅದರ ಕೆಳಗಿನ ಕೊಳವೆ ಕಟ್ಟಿದರೆ ಸೇಫ್ಟಿ ವಾಲ್ವ್‌ನ ಮಿಶ್ರಲೋಹ ಕರಗಿ ಆವಿ ಹೊರಹೋಗುತ್ತದೆ. ಅದೂ ಸಾಲದಿದ್ದರೆ ಮುಚ್ಚಳದ ಅಂಚಿನ ಸೀಳಿನಿಂದ ಗ್ಯಾಸ್ಕೆಟ್ ಉಬ್ಬಿ ಹೊರಬಂದು ಒತ್ತಡ ಇಳಿಸುತ್ತದೆ. ಅಂದರೆ ಗ್ಯಾಸ್ಕೆಟ್ ಬರೀ ಸೋರಿಕೆ ತಡೆಯುವ ರಬ್ಬರ್ ಅಲ್ಲ, ಕೊನೆಯ ಕಾವಲು. ಸಂತೆಯಲ್ಲಿ ಸಿಗುವ ದಪ್ಪನೆಯ, ‘ಎಲ್ಲದಕ್ಕೂ ಆಗುತ್ತೆ’ ಎನ್ನುವ ಗ್ಯಾಸ್ಕೆಟ್ ಹಾಕಿದರೆ ಅದು ಬೇಕಾದ ಹೊತ್ತಿಗೆ ಉಬ್ಬದೇ ಹೋಗಬಹುದು. ಅಲ್ಲಿಗೆ ಕುಕ್ಕರ್ ಪರೀಕ್ಷೆ ಪಾಸಾದದ್ದು ವ್ಯರ್ಥ. ವರ್ಷಕ್ಕೊಮ್ಮೆ, ಅಥವಾ ಕೂಗುವ ಮೊದಲೇ ಅಂಚಿನಿಂದ ನೀರು ಜಿನುಗತೊಡಗಿದಾಗ, ಅದೇ ಕಂಪನಿಯ ಅದೇ ಮಾದರಿಯದನ್ನು ಹಾಕಿ.

ವಾಲ್ವ್ ಹಾರಿದರೆ ಹೊಸದು ತರುವ ಮುಂಚೆ ಕಾರಣ ಹುಡುಕಿ: ಒಂದೋ ನೀರು ಬತ್ತಿದೆ, ಇಲ್ಲವೇ ಕೊಳವೆ ಕಟ್ಟಿದೆ. ತೊಗರಿಬೇಳೆ ನೊರೆ ಎದ್ದು ಕೊಳವೆಯೊಳಗೆ ಅಂಟಿಕೊಳ್ಳುತ್ತದೆ. ಬೇಳೆ, ಹುರುಳಿ ಬೇಯಿಸುವಾಗ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಉಳಿದದ್ದಕ್ಕೆ ಮೂರನೇ ಎರಡು ಭಾಗ ಮಿತಿ. ಪ್ರತಿ ಸಲ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯೊಳಗೆ ನೋಡಿ. ದುಂಡನೆಯ ಬೆಳಕು ಪೂರ್ತಿ ಕಾಣಬೇಕು. ಹಾರಿದ ವಾಲ್ವ್‌ನ ತೂತಿಗೆ ಬೆಸುಗೆ ಹಾಕಿಸುವುದು, ಸ್ಕ್ರೂ ತಿರುಪುವುದು ಜೀವದ ಜೊತೆ ಆಟ.

ಕೊಳ್ಳುವಾಗ ಗುರುತಿನ ಕೆಳಗಿರುವ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಪರವಾನಗಿ ಸಂಖ್ಯೆ) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ತಯಾರಕರ ಹೆಸರು, ಉತ್ಪನ್ನ ತಾಳೆಯಾಗಬೇಕು, ಪರವಾನಗಿ ಚಾಲ್ತಿಯಲ್ಲಿರಬೇಕು. ಈ ಕುಕ್ಕರ್ ಬಗ್ಗೆ ಇರುವ ಒಂದೇ ದೂರು ಅದರದ್ದೇ: ಸಂಖ್ಯೆಯನ್ನು ತಳದಲ್ಲಿ ಮೇಲುಮೇಲೆ ಒತ್ತಿದ್ದಾರೆ, ಉರಿಗೂ ಉಜ್ಜಾಟಕ್ಕೂ ಈಗ ಅರ್ಧ ಅಂಕಿ ಮಾಸಿದೆ. ತಂದ ದಿನವೇ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ.