ಬೊವ್ವಾರ್ ಬದುಕು: ಬೇರ್ ಓದಬೇಕೆ, ಕರ್ಕ್‌ಪ್ಯಾಟ್ರಿಕ್ ಓದಬೇಕೆ?

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಫ್ರೆಂಚ್ ಲೇಖಕಿ, ಸ್ತ್ರೀವಾದಿ ಚಿಂತಕಿ ಸಿಮೊನ್ ದ ಬೊವ್ವಾರ್ ಜೀವನಚರಿತ್ರೆ ಓದಲು ಹೊರಟಿದ್ದರೆ, ಕೇಟ್ ಕರ್ಕ್‌ಪ್ಯಾಟ್ರಿಕ್ (2019) ಬರೆದದ್ದನ್ನು ಬ್ಯಾಗಿಗೆ ಹಾಕಿಕೊಳ್ಳಿ. ಡೀರ್ಡ್ರೆ ಬೇರ್ (1990) ಅವರದು ದಪ್ಪ ಪುಸ್ತಕ. ಸೀಟು ಸಿಗದ ದಿನ ನಿಂತು ಓದುವುದು ಆಗದ ಮಾತು. ಅದು ಮನೆಯ ಮೇಜಿಗೇ ಸರಿ.

ಗಾತ್ರ ಬಿಡಿ, ಆಕರ ನೋಡಿ. ಬೇರ್ ಬೊವ್ವಾರ್ ಎದುರೇ ಕೂತು ಕೇಳಿ ಬರೆದವರು. ಬಾಲ್ಯ, ಮನೆತನದ ವಿವರಕ್ಕೆ ಅದು ವರ. ತೊಡಕೂ ಅದರಲ್ಲೇ ಇದೆ: ಆಕೆ ಹೇಳಲೊಲ್ಲದ್ದು ಪುಸ್ತಕದಲ್ಲೂ ಮಸುಕು. ಸಂಗಾತಿ, ತತ್ವಜ್ಞಾನಿ ಸಾರ್ತ್ರ್‌ಗೆ ಬರೆದ ಪತ್ರಗಳು ಹೊರಬಂದದ್ದೇ ಆಕೆ ತೀರಿಕೊಂಡ (1986) ನಂತರ, ಬೇರ್ ಪುಸ್ತಕ ಬಂದ 1990ರಲ್ಲೇ. ವಿದ್ಯಾರ್ಥಿನಿಯರ ಜೊತೆಗಿನ ಸಂಬಂಧ ಬಿಚ್ಚಿಕೊಂಡದ್ದು ಅಲ್ಲಿ.

ಕರ್ಕ್‌ಪ್ಯಾಟ್ರಿಕ್‌ಗೆ ಆ ಪತ್ರಗಳಲ್ಲದೆ ಕಾಲೇಜು ದಿನಗಳ ಡೈರಿ, ಒಂದು ಕಾಲದ ಪ್ರೇಮಿ, ಚಿತ್ರ ನಿರ್ದೇಶಕ ಲಾಂಜ್‌ಮನ್‌ಗೆ ಬರೆದ ಪತ್ರಗಳೂ ದಕ್ಕಿವೆ. 1929ರಲ್ಲಿ ಸಾರ್ತ್ರ್ ಪರಿಚಯವಾಗುವ ಮುಂಚೆಯೇ ಆಕೆಗೆ ತನ್ನದೇ ತಾತ್ವಿಕ ಪ್ರಶ್ನೆಗಳಿದ್ದವೆಂದು ಡೈರಿ ಹಿಡಿದು ತೋರಿಸುತ್ತಾರೆ. ಬೊವ್ವಾರ್ ಪರ ವಕಾಲತ್ತು ಮಾತ್ರ ಒಂದಿಷ್ಟು ಜಾಸ್ತಿ.

ಕೊಳ್ಳುವ ಮುನ್ನ ಎರಡರಲ್ಲೂ 1943ರ ಪುಟಗಳನ್ನು ತೆಗೆದು ನೋಡಿ. ಒಬ್ಬ ವಿದ್ಯಾರ್ಥಿನಿಯ ತಾಯಿ ದೂರು ಕೊಟ್ಟು, ಬೊವ್ವಾರ್ ಅವರ ಶಿಕ್ಷಕಿ ಕೆಲಸಕ್ಕೆ ಕುತ್ತು ಬಂದ ವರ್ಷ ಅದು. ಆ ಪುಟಗಳು ಯಾರ ಕೈಯಲ್ಲಿ ನಿಮಗೆ ಒಪ್ಪಿಗೆಯಾಗುತ್ತವೋ ಅವರದ್ದನ್ನೇ ಕೊಳ್ಳಿ.