ಬಿಳಿಯೋ, ಗುಲಾಬಿಯೋ? ಶಿಡ್ಲಘಟ್ಟದ ಅಂಗಳದಲ್ಲಿ ರೈನ್ ಲಿಲ್ಲಿ

ಭರಣಿ ಮಳೆ ಒಂದು ಗಂಟೆ ಹೊಡೆದು ಹೋದ ಐದನೆಯ ಬೆಳಿಗ್ಗೆ, ಕಾಂಪೌಂಡಿನ ಪಕ್ಕದ ಕುಂಡದಲ್ಲಿ ಗುಲಾಬಿ ಬಣ್ಣದ 14 ರೈನ್ ಲಿಲ್ಲಿ ಹೂ ಒಟ್ಟಿಗೆ ಅರಳಿದ್ದವು. ಎರಡಡಿ ಆಚೆ, ಅದೇ ಮಳೆಯಲ್ಲಿ ನೆನೆದ ಬಿಳಿ ಲಿಲ್ಲಿಯ ಸಾಲಿನಲ್ಲಿ ಒಂದು ಮೊಗ್ಗೂ ಇರಲಿಲ್ಲ. "ದಿನಾ ನೀರು ಕುಡಿಯುವುದು ಅದು, ಹೂ ಬಿಡುವುದು ಇದು" ಎಂದು ಅತ್ತೆ ನಕ್ಕರು. ಅವರ ಮಾತು ಸೆಪ್ಟೆಂಬರ್‌ವರೆಗೆ ಮಾತ್ರ ನಿಂತಿತು.

ಗೆಡ್ಡೆ ಕೊಳ್ಳುವಾಗ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ನರ್ಸರಿಯಲ್ಲಿ ಎಲ್ಲವೂ ರೈನ್ ಲಿಲ್ಲಿಯೇ, ಯಾವ ಬಣ್ಣ ಬೇಕು ಎಂದಷ್ಟೇ ಕೇಳುತ್ತಾರೆ. ಬಣ್ಣ ಬೇರೆಯಾದರೆ ಸಾಮಾನ್ಯವಾಗಿ ಜಾತಿಯೂ ಬೇರೆ, ತವರೂ ಬೇರೆ. ಬಿಳಿಯದು ಜೆಫಿರಾಂಥಸ್ ಕ್ಯಾಂಡಿಡಾ, ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿ ಸೀಮೆಯ ತೇವದ ನೆಲದ್ದು. ದೊಡ್ಡ ಗುಲಾಬಿ ಹೂವಿನದು ಕ್ಯಾರಿನೇಟಾ, ಕೆಲವರ ಬಾಯಲ್ಲಿ ಇನ್ನೂ ಹಳೆಯ ಹೆಸರು ಗ್ರಾಂಡಿಫ್ಲೋರಾ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಜೆಫಿರಾಂಥಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಪಡುವಣ ಗಾಳಿಯ ಹೂ. ನದಿ ನಾಲೆಗಳಿಲ್ಲದೆ ಮುಗಿಲು ನೋಡಿಕೊಂಡೇ ಬದುಕುವ ನಮ್ಮ ಸೀಮೆಗೆ ಹೊಂದುವ ಹೆಸರು.

ಗುಲಾಬಿಯನ್ನು ನಾನು ಎರಡು ಕುಂಡಗಳಲ್ಲಿ ಪರೀಕ್ಷಿಸಿದೆ. ಎರಡೂ 10 ಇಂಚಿನವು, ಒಂದೊಂದರಲ್ಲಿ 12 ಗೆಡ್ಡೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪಕ್ಕದ ಮನೆಯವರು ಕೊಟ್ಟ ರೇಷ್ಮೆ ಹುಳುವಿನ ಹಿಕ್ಕೆಯ ಗೊಬ್ಬರ. (ಚೆನ್ನಾಗಿ ಕಳಿತದ್ದೇ ಆಗಬೇಕು, ಹಸಿಯದಾದರೆ ಬೇರು ಸುಡುತ್ತದೆ.) ಒಂದು ಕುಂಡಕ್ಕೆ ಬೇಸಿಗೆಯಿಡೀ ದಿನವೂ ನೀರು ಹಾಕಿದೆ. ಇನ್ನೊಂದಕ್ಕೆ ಶಿವರಾತ್ರಿಯಿಂದ ಹನಿ ನೀರನ್ನೂ ಕೊಡಲಿಲ್ಲ. ನೀರು ಕುಡಿದ ಕುಂಡ ಬೆಳ್ಳುಳ್ಳಿಯ ಮಡಿಯಂತೆ ಹಸಿರಾಗಿ ತೂಗಿತು. ಒಣಗಲು ಬಿಟ್ಟದ್ದರಲ್ಲಿ ಎಲೆಯೆಲ್ಲ ಹುಲ್ಲಾಗಿ ಮಲಗಿತು, ನಮ್ಮ ಯಜಮಾನರು ಅದನ್ನು ಸತ್ತಿತೆಂದು ತಿಪ್ಪೆಗೆ ಸುರಿಯಲು ಎತ್ತಿಕೊಂಡೂ ಆಗಿತ್ತು. ಭರಣಿ ಬಿದ್ದ ಮೇಲೆ ಹಸಿರು ಕುಂಡದಲ್ಲಿ 3 ಹೂ, ಸತ್ತ ಕುಂಡದಲ್ಲಿ 14. ಮಳೆಗಾಲದ ನಡುವೆ ಮೂರು ವಾರ ಮಳೆ ಕೈಕೊಟ್ಟಾಗ, ಅದೇ ಒಣ ಕುಂಡಕ್ಕೆ ಎರಡು ಬಕೆಟ್ ಬೋರ್‌ವೆಲ್ ನೀರು ಸುರಿದು ನೋಡಿದೆ. 5 ಹೂ ಬಂದವು. ಗೆಡ್ಡೆ ಒಣಗಿ ವಿರಮಿಸಿ, ಆಮೇಲೆ ಒಮ್ಮೆಲೇ ನೆನೆದರೆ ಮೊಗ್ಗು ಏಳುತ್ತದೆ. ಬಕೆಟ್ಟಿಗೂ ಏಳುತ್ತದೆ, ಆದರೆ ಮುಗಿಲ ನೀರಿಗೆ ಎದ್ದಷ್ಟು ನನಗೆ ಎಂದೂ ಸಿಕ್ಕಿಲ್ಲ.

ಬಿಳಿಯದಕ್ಕೆ ಈ ವ್ರತವೆಲ್ಲ ಬೇಡ. ಗೌರಿಬಿದನೂರಿನ ನಾದಿನಿ ಕೊಟ್ಟ 20 ಗೆಡ್ಡೆಗಳನ್ನು ತುಳಸಿ ಕಟ್ಟೆಯ ಬದಿಗೆ ಸಾಲಾಗಿ ನೆಟ್ಟೆ. ರಂಗೋಲಿಗೆ ಮುಂಚೆ ಅಂಗಳ ತೊಳೆದ ನೀರು ಪ್ರತಿದಿನ ಹರಿದು ಹೋಗುವುದು ಅಲ್ಲಿಗೇ. ಮೂರು ವರ್ಷದಲ್ಲಿ ಗೆಡ್ಡೆಗಳು ಒತ್ತೊತ್ತಾಗಿ ಮರಿ ಹಾಕಿ, ಈಗ ಕೈ ತೂರಿಸಲು ಜಾಗವಿಲ್ಲ. ಎಲೆ ಸ್ವೆಟರ್ ಹೆಣೆಯುವ ಕಡ್ಡಿಯಂತೆ ಸಣ್ಣಗೆ, ಗುಂಡಗೆ, ವರ್ಷವಿಡೀ ಹಸಿರು. ಗೌರಿ ಹಬ್ಬದ ಆಸುಪಾಸಿನಲ್ಲಿ ಶುರುವಾದರೆ ಆಯುಧಪೂಜೆಯವರೆಗೆ ಅಲೆ ಅಲೆಯಾಗಿ ಬಿಡುತ್ತದೆ. ಹೋದ ವರ್ಷ ಒಂದೇ ಬೆಳಿಗ್ಗೆ 60 ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಇದೇ ಸಾಲಿನ ಕೊನೆಯಲ್ಲಿ 6 ಗುಲಾಬಿ ಗೆಡ್ಡೆ ಇಟ್ಟಿದ್ದೆ. ಅಕ್ಟೋಬರ್ ಮಳೆ ಮುಗಿದ ಮೇಲೆ ಕೆದಕಿದರೆ ನಾಲ್ಕು ಕೊಳೆತು ಲೋಳೆಯಾಗಿದ್ದವು.

ಹೂವಿನ ಅಂದ ನೋಡಿದರೆ ಗುಲಾಬಿಗೇ ನನ್ನ ಮತ. ಮೂರಿಂಚಿನಷ್ಟು ಅಗಲ, ನಸುಕಿನಲ್ಲಿ ನೋಡಿದರೆ ಒಳಗಿನಿಂದ ದೀಪ ಹಚ್ಚಿಟ್ಟಂತಿರುತ್ತದೆ. ಬಿಳಿ ಚಿಕ್ಕದು, ಬಿಸಿಲೇರಿದಾಗ ತೆರೆದು ಸಂಜೆ ಮುಚ್ಚಿಕೊಳ್ಳುತ್ತದೆ. ಎರಡೂ ಬಾಳುವುದು ಒಂದೆರಡು ದಿನ. ಮುಡಿಯಲು ಬಾರದು, ಕಿತ್ತರೆ ದೇವರ ಮುಂದೆ ಮಧ್ಯಾಹ್ನಕ್ಕೇ ಜೋತು ಬೀಳುತ್ತದೆ. ಮಲ್ಲಿಗೆಯ ಆಸೆ ಇರುವವರು ಮಲ್ಲಿಗೆಯನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಹಳದಿ, ಅಂದರೆ ಸಿಟ್ರಿನಾ, ಬೀಜದಿಂದ ಬೆಳೆಸುವ ಹುಚ್ಚಿದ್ದವರಿಗೆ. ಗುಲಾಬಿ ನಮ್ಮಲ್ಲಿ ಒಂದು ಕಾಯನ್ನೂ ಕಟ್ಟಲಿಲ್ಲ, ಹಳದಿಯಲ್ಲಿ ಬಿಟ್ಟ ಹೂವೆಲ್ಲ ಕಾಯಿ. ಮೂರು ಭಾಗದ ಕಾಯಿ ಹಳದಿ ತಿರುಗಿ ಬಿರಿದಾಗ, ಕಾಗದದಷ್ಟು ತೆಳುವಾದ ಕಪ್ಪು ಬೀಜಗಳು ಉದುರುತ್ತವೆ. ಡಬ್ಬಿಯಲ್ಲಿ ಎತ್ತಿಡದೆ ಆಗಲೇ ಬಿತ್ತಬೇಕು. ನನಗೆ ಎರಡು ವಾರದೊಳಗೆ ಮೊಳಕೆ ಬಂತು, ಹೂವಿಗೆ ಮರುವರ್ಷದವರೆಗೆ ಕಾದೆ. ಚಿಕ್ಕ ಗುಲಾಬಿಯ ರೋಸಿಯಾ ಬಗ್ಗೆ ಹೇಳಲು ಹೆಚ್ಚೇನಿಲ್ಲ. ದೊಡ್ಡದು ಕಣ್ಣೆದುರಿಗಿರುವಾಗ ಅದು ಬಡವಾಗಿ ಕಾಣುತ್ತದೆ.

ಮೊಬೈಲ್‌ನಲ್ಲಿ ಚಿತ್ರ ನೋಡಿ, ಸುತ್ತು ದಳದ ಹೈಬ್ರಿಡ್ ಎಂದು ಒಂದು ಗೆಡ್ಡೆಗೆ 180 ರೂಪಾಯಿ ಕೊಟ್ಟು ಮೂರು ತರಿಸಿದ್ದೂ ಉಂಟು. ಒಂದು ವರ್ಷ ಸಾಕಿದ ಮೇಲೆ ಅರಳಿದ್ದು ನಮ್ಮ ಮನೆಯಲ್ಲೇ ಕುಂಡ ತುಂಬ ಇರುವ ಅದೇ ಗುಲಾಬಿ.

ಹುಳುವಿನ ವಿಷಯದಲ್ಲಿ ಬಿಳಿಯೇ ಗಟ್ಟಿ. ಮಳೆ ಹಿಡಿದ ಮೇಲೆ, ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳ ಹುಳು ಬರುತ್ತದೆ. ಇದು ಲಿಲ್ಲಿ ಪತಂಗದ ಮರಿ, ಅಗ್ನಿಶಿಖೆಯ ಬಳ್ಳಿಯನ್ನೂ ತಿನ್ನುತ್ತದೆ. ನಮ್ಮಲ್ಲಿ ಗುಲಾಬಿಯ ಅಗಲ ಎಲೆಯನ್ನು ಎರಡು ರಾತ್ರಿಯಲ್ಲಿ ಬುಡದವರೆಗೆ ಬೋಳಿಸಿತು, ಬಿಳಿಯದರಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಕಡಿದು ಬಿಟ್ಟಿತು. ಔಷಧ ಹೊಡೆಯುವ ಮಾತೇ ಇಲ್ಲ: ಗೋಡೆಯಾಚೆ ಹಿಪ್ಪುನೇರಳೆ ತೋಟ, ಗಾಳಿಗೆ ತೂರಿದ ಹನಿ ಸೊಪ್ಪಿಗೆ ಬಿದ್ದರೆ, ಅದನ್ನು ತಿಂದ ರೇಷ್ಮೆ ಹುಳು ಸತ್ತು, ಗೂಡು ಕಟ್ಟಿಸುವ ಅವರ ಚಂದ್ರಿಕೆ ಖಾಲಿ. ಟಾರ್ಚ್ ಹಿಡಿದು ಒಂದೊಂದನ್ನೇ ಆರಿಸಿ ಸೋಪಿನ ನೀರಿಗೆ ಹಾಕುತ್ತೇನೆ.

ಇನ್ನೊಂದು ಎಚ್ಚರ, ಇದು ಎರಡಕ್ಕೂ. ಗೆಡ್ಡೆಗಳನ್ನು ಬೇರ್ಪಡಿಸಿ ಪೇಪರಿನ ಮೇಲೆ ಆರಲು ಹರಡಿದ್ದೆ. ಅತ್ತೆ ಸಾಂಬಾರ್ ಈರುಳ್ಳಿ ಎಂದುಕೊಂಡು ಎರಡನ್ನು ಸುಲಿದು, ಮೂಗಿಗೆ ಹಿಡಿದು, "ಏನಮ್ಮಾ, ಇದಕ್ಕೆ ಘಾಟೇ ಇಲ್ಲವಲ್ಲ?" ಎಂದರು. ಆ ಘಾಟು ಇಲ್ಲದ್ದೇ ಅಂದು ನಮ್ಮನ್ನು ಉಳಿಸಿತು. ಗೆಡ್ಡೆ ವಿಷ, ಹೊಟ್ಟೆ ಸೇರಿದರೆ ವಾಂತಿ ಭೇದಿ ಹಿಡಿಯುತ್ತದೆ. ದನ ಕರುಗಳನ್ನೂ ಇದರ ಹತ್ತಿರ ಬಿಡಬಾರದು.

ಹೋದ ವಾರ ರೇಷ್ಮೆ ಮನೆಯ ಅಕ್ಕ ಗೆಡ್ಡೆ ಕೇಳಲು ಬಂದರು. ಪೈಪ್ ಕೈಗೆ ಸಿಕ್ಕರೆ ಗೋಡೆಗೂ ನೀರು ಹಾಕುವವರು ಅವರು. ಬಿಳಿಯದನ್ನು ಬುಟ್ಟಿ ತುಂಬ ಅಗೆದು ಕೊಟ್ಟೆ. ಅವರ ಕಣ್ಣು ಗುಲಾಬಿಯ ಮೇಲೆಯೇ ಇತ್ತು. "ಶಿವರಾತ್ರಿಯಿಂದ ಭರಣಿಯವರೆಗೆ ಕೊಡ ಮುಟ್ಟುವುದಿಲ್ಲ ಎನ್ನುವಿರಾದರೆ ಅದನ್ನೂ ಕೊಡುತ್ತೇನೆ ಅಕ್ಕಾ" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಆರು ಗೆಡ್ಡೆಗಳನ್ನು ತಾವೇ ಒಂದು ಕುಂಡಕ್ಕೆ ನೆಟ್ಟು, ಅದನ್ನು ನಮ್ಮ ತಾರಸಿಯ ಮೇಲೆಯೇ ಇಟ್ಟು ಇಳಿದರು. "ಇಲ್ಲೇ ಇರಲಿ. ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ."